ಹುಣಸೆಮರದ ಹತ್ತಿರ ನಿಲ್ಲುವ ಕಾರು

ಸ್ವಲ್ಪ ತಾಳಿ. ಕಾರು ಕೆಟ್ಟ ಕಥೆ ಯಾರಿಗೆ ಬೇಕು ಎಂದು ಪುಟ ಮಗುಚಬೇಡಿ. ಮುಂದೆ ಒಂದು ಕಡೆ ‘ಉಸ್’ ಎಂದು ಒಂದು ಸದ್ದು ಬರುತ್ತದೆ. ಅಲ್ಲಿಯವರೆಗಾದರೂ ನನ್ನ ಜೊತೆ ಕೂತಿರಿ. ಆ ಸದ್ದು ಬಂದ ದಿನ ನಮ್ಮ ಅಪ್ಪ, ಅಮ್ಮ, ನಾನು ಮತ್ತು ಒಬ್ಬ ಗ್ಯಾರೇಜಿನವನು ಮಣ್ಣುರಸ್ತೆಯ ನಡುವೆ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಿಂತಿದ್ದೆವು. ನಾಲ್ಕು ಜನರಿಗೂ ನಾಲ್ಕು ಥರದ ಅನುಮಾನ.

ಇದು ಅರವತ್ತರ ದಶಕದ ಮೊದಲ ವರ್ಷಗಳ ಮಾತು. ನಮ್ಮ ಮನೆ ಜಯನಗರದ ಎರಡನೇ ಬ್ಲಾಕಿನಲ್ಲಿತ್ತು. ರಸ್ತೆಯಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಸಂಜೆ ಆ ಸೈಟುಗಳಲ್ಲಿ ಹಸು ಮೇಯುತ್ತಿದ್ದವು. ಕಾರು ಇದ್ದದ್ದು ನಮ್ಮದೊಂದೇ, ಅದೂ ಕೊಂಡದ್ದಲ್ಲ. ಅಪ್ಪನ ಆಫೀಸಿನ ದೊಡ್ಡ ಸಾಹೇಬರು ನಿವೃತ್ತರಾಗಿ ಊರಿಗೆ ಹೊರಟಾಗ, “ಅಷ್ಟು ದೂರ ಇದು ಬರಲ್ಲ ಕಣ್ರೀ, ನೀವೇ ಇಟ್ಕೊಳ್ಳಿ” ಎಂದು ನಮ್ಮ ಗೇಟಿನ ಮುಂದೆ ಬಿಟ್ಟು ಹೋಗಿದ್ದರು. ಯುದ್ಧಕ್ಕೆ ಮುಂಚಿನ ಇಂಗ್ಲಿಷ್ ಕಾರು. ಕಪ್ಪು ಬಣ್ಣ, ಕಪ್ಪೆಕಣ್ಣಿನಂಥ ದೀಪಗಳು, ಬಾಗಿಲ ಕೆಳಗೆ ಕಾಲಿಡಲು ಉದ್ದನೆಯ ಫುಟ್‌ಬೋರ್ಡು. ಮುಂದೆ ಕಬ್ಬಿಣದ ಹ್ಯಾಂಡಲ್ ತೂರಿಸಿ ಜೋರಾಗಿ ತಿರುಗಿಸಿದರೆ ಸ್ಟಾರ್ಟ್ ಆಗುತ್ತಿತ್ತು. ಪೆಟ್ರೋಲ್ ಟ್ಯಾಂಕು ಹಿಂದುಗಡೆ. ಅದರ ಮುಚ್ಚಳ ಹೊರಗೇ ಕಾಣುತ್ತಿತ್ತು. ಸ್ಟೆಪ್ನಿಯ ಪಕ್ಕದಲ್ಲಿ, ಅಂಗೈ ಅಗಲದ ಹಿತ್ತಾಳೆ ಮುಚ್ಚಳ.

ಅಪ್ಪನಿಗೆ ಕಾರು ಓಡಿಸಲು ಬರುತ್ತಿರಲಿಲ್ಲ, ಕಲಿಯುವ ಆಸೆಯೂ ಇರಲಿಲ್ಲ. ಕಾಲೇಜು ಓದುತ್ತಿದ್ದ ನನಗೆ ಅದೇ ಲೋಕವಾಯಿತು. ಹಳೆ ಪುಸ್ತಕದ ಅಂಗಡಿಯಲ್ಲಿ ಒಂದು ರಿಪೇರಿ ಪುಸ್ತಕ ಸಿಕ್ಕಿತು. ಬೇರೆ ಯಾವುದೋ ಕಾರಿನದು, ನಡುವಿನ ಪುಟಗಳೂ ಇರಲಿಲ್ಲ. ಆದರೆ ಅದರಲ್ಲಿ ಓದಿದ ಒಂದು ವಿಷಯ ಮಾತ್ರ ನನಗೆ ಬಾಯಿಪಾಠ. ಇಂಜಿನ್ ನಿಲ್ಲುವುದಕ್ಕೆ ಎರಡೇ ಕಾರಣ: ಕಿಡಿ ಬರುತ್ತಿಲ್ಲ, ಇಲ್ಲವೇ ಪೆಟ್ರೋಲ್ ಬರುತ್ತಿಲ್ಲ. ಉಳಿದದ್ದನ್ನು ಬಿಚ್ಚಿ ಬಿಚ್ಚಿ ಕಲಿತೆ. ಬಿಚ್ಚಿದ್ದನ್ನು ಕಳೆಯದಂತೆ ಅಮ್ಮನ ಹಳೇ ಸೀರೆಯ ತುಂಡಿನ ಮೇಲೆ ಬಿಚ್ಚಿದ ಕ್ರಮದಲ್ಲೇ ಸಾಲಾಗಿ ಇಡುತ್ತಿದ್ದೆ. ಅಪ್ಪ ಆಫೀಸಿನಿಂದ ಬಂದವರು ಆ ಸಾಲನ್ನು ದಾಟುತ್ತಾ, “ಇವತ್ತು ಏನ್ ಪೋಸ್ಟ್‌ಮಾರ್ಟಮ್ಮೋ?” ಎನ್ನುತ್ತಿದ್ದರು.

ಪ್ರತಿ ಭಾನುವಾರ ಅಮ್ಮನನ್ನು ಕರೆದುಕೊಂಡು ಹೊರಡುವುದು ರೂಢಿ. ಮೊದಲು ಬನಶಂಕರಿ ದೇವಸ್ಥಾನ, ಆಮೇಲೆ ಚಿಕ್ಕಲಸಂದ್ರದಲ್ಲಿ ದೊಡ್ಡಮ್ಮನ ಮನೆ. ದೇವಸ್ಥಾನ ಆಗ ಊರಾಚೆ. ಅಲ್ಲಿಂದ ಬಲಕ್ಕೆ ತಿರುಗಿದರೆ ಮಣ್ಣುರಸ್ತೆ, ಎರಡು ಕಡೆ ರಾಗಿಹೊಲ, ಅವರೆಹೊಲ. ಆ ರಸ್ತೆಯ ನಡುವೆ ಒಂದು ದೊಡ್ಡ ಹುಣಸೆಮರ. ಕೆಲವು ತಿಂಗಳು ಎಲ್ಲ ಸರಿಯಾಗಿಯೇ ಇತ್ತು. ಆಮೇಲೆ ಒಂದು ಭಾನುವಾರ ಆ ಹುಣಸೆಮರದ ಹತ್ತಿರ ಕಾರು ಎರಡು ಸಲ ಕೆಮ್ಮಿ ನಿಂತುಬಿಟ್ಟಿತು.

ನಾನು ಇಳಿದೆ. ಮೊದಲ ಕೆಲಸ, ಹಿಂದೆ ಹೋಗಿ ಟ್ಯಾಂಕಿನ ಮುಚ್ಚಳ ಬಿಚ್ಚಿ ಬಿದಿರಿನ ಕಡ್ಡಿ ಇಳಿಸಿ ಪೆಟ್ರೋಲ್ ಎಷ್ಟಿದೆ ನೋಡುವುದು. ಆ ಕಾಲದಲ್ಲಿ ನಿಲ್ಲಿಸಿದ ಗಾಡಿಗಳಿಂದ ರಬ್ಬರ್ ಕೊಳವೆ ಹಾಕಿ ಪೆಟ್ರೋಲ್ ಹೀರುವವರಿದ್ದರು. ಅದಕ್ಕೇ ನಾನು ಕಡ್ಡಿಗೆ ಚಾಕುವಿನಲ್ಲಿ ಗೆರೆ ಕೊರೆದು ಇಟ್ಟುಕೊಂಡಿದ್ದೆ. ಪೆಟ್ರೋಲ್ ಇತ್ತು. ಆಮೇಲೆ ಬಾನೆಟ್ ಎತ್ತಿ ಕಿಡಿ ಹೊಡೆಯುವ ಪ್ಲಗ್ ಬಿಚ್ಚಿ ಒರೆಸಿದೆ. ಹ್ಯಾಂಡಲ್ ಹೊಡೆದೆ. ಸ್ಟಾರ್ಟ್! ಪ್ಲಗ್ಗೇ ಕಳ್ಳ ಎಂದುಕೊಂಡೆ.

ಮುಂದಿನ ಭಾನುವಾರ ಅದೇ ಮರ, ಅದೇ ಕೆಮ್ಮು. ಕಡ್ಡಿ ಇಳಿಸಿದೆ, ಪೆಟ್ರೋಲ್ ಇದೆ. ಪ್ಲಗ್ ಚೊಕ್ಕಟವಾಗಿದೆ. ಈ ಸಲ ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರ್ ಬಿಚ್ಚಿ ಊದಿದೆ. ಸ್ಟಾರ್ಟ್! ಪೆಟ್ರೋಲಿನಲ್ಲಿ ಕಸ ಎಂದುಕೊಂಡೆ. ಅದರ ಮುಂದಿನ ವಾರ ಸೀಮೆಎಣ್ಣೆ ಬೆರೆಸಿದ ಪೆಟ್ರೋಲಿನ ಮೇಲೆ ಅನುಮಾನ. ಅದರ ಮುಂದಿನ ವಾರ ಒಂದು ವೈರಿನ ಮೇಲೆ. ಪ್ರತಿ ಸಲವೂ ಏನೋ ಒಂದು ಮಾಡುತ್ತಿದ್ದೆ, ಪ್ರತಿ ಸಲವೂ ಅದು ಹೊರಡುತ್ತಿತ್ತು. ಗಾಂಧಿಬಜಾರಿಗೆ, ಲಾಲ್‌ಬಾಗಿಗೆ ಹೋಗಿಬಂದರೆ ಏನೂ ತೊಂದರೆಯಿಲ್ಲ. ಚಿಕ್ಕಲಸಂದ್ರದಿಂದ ವಾಪಸು ಹೊರಡುವಾಗ ಮತ್ತೆ ಕಡ್ಡಿ ಇಳಿಸಿ ನೋಡಿಯೇ ಹತ್ತುತ್ತಿದ್ದೆ, ದೇವಸ್ಥಾನದ ಹತ್ತಿರ ಅನುಮಾನ ಬಂದು ಇನ್ನೊಮ್ಮೆ ನಿಲ್ಲಿಸಿ ನೋಡುತ್ತಿದ್ದೆ. ಆಗಲೂ ಸಲೀಸಾಗಿ ಮನೆ ಮುಟ್ಟುತ್ತಿತ್ತು. ಹೋಗುವಾಗ, ಆ ಹುಣಸೆಮರದ ಹತ್ತಿರ ಮಾತ್ರ ನಿಲ್ಲುತ್ತಿತ್ತು.

ಗಾಡಿ ಹೊಡೆದುಕೊಂಡು ಹೋಗುವವರಿಗೆ ನಾವೊಂದು ತಮಾಷೆಯಾದೆವು. ಸೊಪ್ಪಿನ ಗಾಡಿಯ ಮುದುಕನೊಬ್ಬ ಎತ್ತುಗಳನ್ನು ನಿಧಾನ ಮಾಡಿ ಕೇಳುತ್ತಿದ್ದ:

“ಏನ್ ಸ್ವಾಮಿ, ಇವತ್ತೂ ಮಲಗ್ತಾ? ಹುರುಳಿ ಪುರುಳಿ ಬೇಯ್ಸಿ ಹಾಕಿದೀರಾ ಇಲ್ವಾ?”

“ನೀನು ಹೋಗಜ್ಜ, ಆಗುತ್ತೆ.”

“ಆಗುತ್ತೆ ಬಿಡಿ. ಆಗ್ದೇ ಇದ್ರೆ ಹಿಂದ್ಗಡೆ ಕಟ್ಕೊಂಡು ಹೋಗ್ತೀನಿ. ನನ್ನ ಎತ್ತು ನಿಂತಿದ್ದು ಯಾವತ್ತಾದ್ರೂ ನೋಡಿದೀರಾ?”

ಮನೆಯಲ್ಲಿ ಒಬ್ಬೊಬ್ಬರದೂ ಒಂದೊಂದು ಅನುಮಾನ. ಅಮ್ಮನಿಗೆ ಮರದ ಮೇಲೆ ಮತ್ತು ಜನರ ಕಣ್ಣಿನ ಮೇಲೆ. “ರಸ್ತೇಲಿ ಇರೋದು ಒಂದೇ ಕಾರು. ಎಲ್ಲರ ಕಣ್ಣೂ ಅದರ ಮೇಲೇ. ದೃಷ್ಟಿ ಆಗದೆ ಇನ್ನೇನು?” ಎಂದು, ಪ್ರತಿ ಭಾನುವಾರ ಹೊರಡುವ ಮುನ್ನ ಹೊಸ್ತಿಲಿಗೆ, ಒಲೆಗೆ, ಬೀರುವಿಗೆ ಹಚ್ಚುವ ಹಾಗೆ ಕಾರಿಗೂ ಅರಿಶಿನ ಕುಂಕುಮ ಹಚ್ಚುತ್ತಿದ್ದರು. ಮೊದಮೊದಲು ಬಾನೆಟ್ಟಿನ ಮೇಲೆ ಹಚ್ಚುತ್ತಿದ್ದರು. ನಾನು ಪಾಲಿಶ್ ಹಾಕಿದ ಮೇಲೆ ಅಲ್ಲಿ ಬೇಡ, ಕಲೆ ಆಗುತ್ತೆ ಎಂದಿದ್ದೆ. ಅವರು ಹಿಂದಕ್ಕೆ ಹೋಗಿದ್ದರು. ಕಾರು ನಿಲ್ಲಲು ಶುರುವಾದ ಮೇಲೆ ಅರಿಶಿನ ಇನ್ನೂ ದಪ್ಪವಾಯಿತು.

ಅಪ್ಪನಿಗೆ ನನ್ನ ಮೇಲೆಯೇ ಅನುಮಾನ. “ಸರಿಯಾಗಿದ್ದ ಕಾರನ್ನ ವಾರ ಪೂರ್ತಿ ಬಿಚ್ಚಿದ್ರೆ ಭಾನುವಾರ ಅದಕ್ಕೆ ಸುಸ್ತಾಗದೆ ಇರುತ್ತಾ?”

ನನ್ನ ಅನುಮಾನ ಮಾತ್ರ ಗ್ಯಾರೇಜಿನವನ ಮೇಲೆ.

ಸೌತ್ ಎಂಡ್ ಕಡೆ ಒಂದು ತಗಡಿನ ಶೆಡ್ಡಿನಲ್ಲಿ ಅವನ ಗ್ಯಾರೇಜು. ಗುಂಗುರು ಕೂದಲು, ಯಾವಾಗಲೂ ನಗುವ ಮುಖ. ಟ್ಯಾಂಕಿನಿಂದ ಇಂಜಿನ್ನಿಗೆ ಪೆಟ್ರೋಲ್ ಎಳೆಯುವ ಪಂಪಿನ ಒಳಗೆ ಹರಿದುಹೋದ ಪೊರೆಯೊಂದಿತ್ತು. ಅದನ್ನು ಬದಲಿಸುವುದು ನನ್ನಿಂದ ಆಗದೆ ಅವನಿಂದ ಹೊಸದು ಹಾಕಿಸಿದ್ದೆ. ಆಗಿನಿಂದ ಅವನಿಗೆ ಈ ಕಾರಿನ ಮೇಲೆ ಮನಸ್ಸು. ಮದುವೆ ಮೆರವಣಿಗೆಗೆ ಇಂಥ ಹಳೇ ಕಾರಿಗೆ ಹೂವು ಕಟ್ಟಿ ಬಾಡಿಗೆಗೆ ಬಿಡಬೇಕು ಎಂಬುದು ಅವನ ಲೆಕ್ಕ. ಸಂಜೆ ಸೈಕಲ್ಲಿನಲ್ಲಿ ಬಂದು ಗೇಟಿಗೆ ಒರಗಿ ಅಪ್ಪನ ಜೊತೆ ಮಾತು:

“ಸಾರ್, ಮುದುಕಿಗೆ ಎಷ್ಟು ದಿನಾಂತ ಔಷಧ ಕುಡಿಸ್ತೀರಿ? ನನ್ನ ಹತ್ರ ಬಿಟ್ಬಿಡಿ. ಮದುವೆ ಸೀಸನ್ನಲ್ಲಿ ಗಂಡು ಹೆಣ್ಣು ಕೂರಿಸ್ಕೊಂಡು ಮೆಲ್ಲಗೆ ಸುತ್ತಾಡ್ಕೊಂಡಿರ್ತಾಳೆ.”

“ನಿಮಗೆ ಕೊಟ್ಟು ನಾನೇನ್ ಮಾಡಲಿ?”

“ನೆಮ್ಮದಿಯಾಗಿ ಬಸ್ಸಲ್ಲಿ ಓಡಾಡಿ ಸಾರ್!”

ಅಪ್ಪ ನಗುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ. ಪಂಪಿಗೆ ಇವನು ಕೈಹಾಕಿದ ತಿಂಗಳಿಂದಲೇ ತಾನೆ ಕಾರು ನಿಲ್ಲಲು ಶುರುವಾದದ್ದು? ನಾಲ್ಕು ಸಲ ರಸ್ತೆಯಲ್ಲಿ ನಿಂತರೆ ಬೇಸತ್ತು ಕೊಟ್ಟುಬಿಡುತ್ತಾರೆ ಎಂದು ಇವನೇ ಏನಾದರೂ ಮಾಡಿಟ್ಟಿದ್ದರೆ? ಒಂದು ಶನಿವಾರ ನಾನು ಹಿತ್ತಲಿನಿಂದ ಬರುವಾಗ ಅವನು ಕಾರಿನ ಹಿಂದೆ ಬಗ್ಗಿ ನಿಂತಿದ್ದ. ಪೆಟ್ರೋಲ್ ಮುಚ್ಚಳವನ್ನು ಹೆಬ್ಬೆಟ್ಟಿನಿಂದ ಉಜ್ಜುತ್ತಿದ್ದ. ನನ್ನನ್ನು ಕಂಡು ನೆಟ್ಟಗೆ ನಿಂತು, ಕೆಂಪಾದ ಹೆಬ್ಬೆಟ್ಟನ್ನು ಪ್ಯಾಂಟಿಗೆ ಒರೆಸಿಕೊಂಡ.

“ಏನ್ ನೋಡ್ತಿದೀರಾ?”

“ಏನಿಲ್ಲ ಮರಿ, ಹಿತ್ತಾಳೆ ಒಳ್ಳೇದು. ಈಗಿನ ಗಾಡಿಗಳಲ್ಲಿ ಎಲ್ಲಿ ಬರುತ್ತೆ?”

ಟ್ಯಾಂಕಿಗೆ ಸಕ್ಕರೆ ಹಾಕಿದರೆ ಇಂಜಿನ್ ಹಾಳಾಗುತ್ತದೆ ಎಂದು ಯಾರೋ ಹೇಳಿದ್ದು ನೆನಪಾಯಿತು. ಆವತ್ತಿನಿಂದ ಮುಚ್ಚಳಕ್ಕೂ ಪಕ್ಕದ ಕಂಬಿಗೂ ಸೇರಿಸಿ ತೆಳ್ಳಗೆ ಒಂದು ಕಪ್ಪು ದಾರ ಕಟ್ಟಿಡಲು ಶುರುಮಾಡಿದೆ. ಮುಚ್ಚಳ ತಿರುಗಿಸಿದರೆ ದಾರ ಕಿತ್ತುಹೋಗಬೇಕು. ದೇವಸ್ಥಾನದಲ್ಲೂ ಅಮ್ಮ ಒಳಗೆ ಹೋದರೆ ನಾನು ಹೊರಗಿನಿಂದಲೇ ಕೈಮುಗಿದು ಕಾರು ಕಾಯುತ್ತಿದ್ದೆ. ಹೂವಿನವಳು, ನಿಂಬೆಹಣ್ಣಿನವಳು, ಚಪ್ಪಲಿ ಕಾಯುವವನು, ಯಾರು ಹತ್ತಿರ ಸುಳಿದರೂ ಅನುಮಾನ. ಹುಣಸೆಮರದ ಹತ್ತಿರ ಕಾರು ನಿಂತಾಗ ಓಡಿಹೋಗಿ ನೋಡಿದರೆ ದಾರ ಹಾಗೆಯೇ ಇರುತ್ತಿತ್ತು. ಹಾಗಾದರೆ ಕಳ್ಳ ನನಗಿಂತ ಜಾಣ ಎಂದುಕೊಂಡು ದಾರ ಕಿತ್ತು, ಮುಚ್ಚಳ ಬಿಚ್ಚಿ, ಕಡ್ಡಿ ಇಳಿಸುತ್ತಿದ್ದೆ.

ಕೊನೆಗೆ ಒಂದು ಭಾನುವಾರ ಬಿಸಿಲಿನಲ್ಲಿ ಕೂತು ಕೂತು ಅಮ್ಮನಿಗೆ ತಲೆಸುತ್ತು ಬಂತು. ಮನೆಗೆ ಬಂದ ಮೇಲೆ ಅಪ್ಪ ಜೋರು ಮಾಡಲಿಲ್ಲ. ಮೆಲ್ಲಗೆ ಹೇಳಿದರು, ನನಗೆ ಅದೇ ಹೆಚ್ಚು ಹೆದರಿಕೆ.

“ಮುಂದಿನ ವಾರ ನಾನೂ ಬರ್ತೀನಿ. ಆ ಗ್ಯಾರೇಜಿನವರನ್ನೂ ಕರ್ಕೊಂಡು ಹೋಗೋಣ. ದಾರೀಲಿ ನಿಂತ್ರೆ, ನಿಂತ ಜಾಗದಿಂದಲೇ ಅವರು ತಗೊಂಡು ಹೋಗ್ಲಿ. ನಾವು ಬಸ್ಸಲ್ಲಿ ವಾಪಸ್ ಬರೋಣ.”

“ಅಪ್ಪ, ಅವರ ಮೇಲೇ ನನಗೆ—”

“ನಿನಗೆ ಯಾರ ಮೇಲೆ ಇಲ್ಲ ಹೇಳು ಅನುಮಾನ? ಹೂವಿನವಳ ಮೇಲೂ ಇದೆ.”

ಆ ವಾರ ನಾನು ಸರಿಯಾಗಿ ಊಟ ಮಾಡಲಿಲ್ಲ. ಕಿಡಿ, ಪೆಟ್ರೋಲ್; ಕಿಡಿ, ಪೆಟ್ರೋಲ್. ಪ್ಲಗ್ಗಿನಿಂದ ಹಿಡಿದು ಕಾರ್ಬುರೇಟರಿನವರೆಗೆ ಒಂದೊಂದನ್ನೂ ಬಿಚ್ಚಿ ತೊಳೆದು ಜೋಡಿಸಿದೆ. ಒಂದು ದೋಷವೂ ಸಿಗಲಿಲ್ಲ. ದೋಷ ಸಿಗದೇ ಇರುವುದರಷ್ಟು ಕೆಟ್ಟದ್ದು ಈ ಕೆಲಸದಲ್ಲಿ ಬೇರೆ ಇಲ್ಲ.

ಭಾನುವಾರ ಬಂತು. ಗ್ಯಾರೇಜಿನವನು ಒಗೆದ ಬಟ್ಟೆ ಹಾಕಿಕೊಂಡು, ಕೈಯಲ್ಲಿ ಸಣ್ಣ ಟೂಲ್ಸ್ ಚೀಲ ಹಿಡಿದು ಬಂದ. ಹೆಣ್ಣು ನೋಡಲು ಹೊರಟವನ ಹಾಗೆ ತಲೆ ಬಾಚಿಕೊಂಡಿದ್ದ. ನಾನು ಕ್ಯಾನಿನಿಂದ ಟ್ಯಾಂಕಿಗೆ ಪೆಟ್ರೋಲ್ ಸುರಿದೆ. ಅಮ್ಮ ಎಂದಿಗಿಂತ ಹೆಚ್ಚು ಹೊತ್ತು ಕಾರಿನ ಹಿಂದೆ ನಿಂತು ಪೂಜೆ ಮಾಡಿದರು. ನಾನು ದಾರ ಕಟ್ಟಿದೆ. ಅಪ್ಪ ಮುಂದೆ ನನ್ನ ಪಕ್ಕ ಕೂತರು. ಅಮ್ಮ ಹಿಂದೆ ಒಂದು ತುದಿಗೆ, ಗ್ಯಾರೇಜಿನವನು ಇನ್ನೊಂದು ತುದಿಗೆ.

ಯಡಿಯೂರು ಕೆರೆ ದಾಟಿತು. ದೇವಸ್ಥಾನದಲ್ಲಿ ನಿಂತು ಹೊರಟೆವು. ಮಣ್ಣುರಸ್ತೆಗೆ ತಿರುಗಿದಾಗ ನನ್ನ ಅಂಗೈ ಸ್ಟೀರಿಂಗಿಗೆ ಅಂಟುತ್ತಿತ್ತು. ಹುಣಸೆಮರ ಕಾಣಿಸಿತು. ಹತ್ತಿರ ಬಂತು. ದಾಟಿತು! ಅಪ್ಪ ನನ್ನ ಕಡೆ ತಿರುಗಿ ಏನೋ ಹೇಳಲು ಬಾಯಿ ತೆರೆದರು. ಆಗ ಕೆಮ್ಮು. ಇನ್ನೊಂದು ಕೆಮ್ಮು. ಮರದ ನೆರಳು ಮುಗಿಯುವ ಕಡೆ ಕಾರು ನಿಂತಿತು.

ನಾನು ಬಾಗಿಲು ತೆಗೆದು ಹಿಂದಕ್ಕೆ ಹೊರಟೆ.

“ನೀನು ಸುಮ್ನಿರು,” ಎಂದರು ಅಪ್ಪ. “ಇವತ್ತು ಅವರು ನೋಡ್ಲಿ.”

ಗ್ಯಾರೇಜಿನವನು ತೋಳು ಮಡಿಸಿ ಬಾನೆಟ್ ಎತ್ತಿದ. ಪ್ಲಗ್ ಬಿಚ್ಚಿ ಹಿಡಿದು ನನ್ನಿಂದ ಹ್ಯಾಂಡಲ್ ಹೊಡೆಸಿದ. ನೀಲಿ ಕಿಡಿ ಚೆನ್ನಾಗಿ ಬಂತು. ಕಾರ್ಬುರೇಟರಿನ ಬಟ್ಟಲು ತೆಗೆದ. ಒಳಗೆ ಒಣಗಿತ್ತು, ಒಂದು ತೊಟ್ಟು ಪೆಟ್ರೋಲ್ ಇಲ್ಲ. ಪಂಪಿನ ಪಕ್ಕ ಕೈಯಿಂದ ಒತ್ತುವ ಒಂದು ಸಣ್ಣ ಲಿವರ್ ಇರುತ್ತದೆ. ಅದನ್ನು ಒತ್ತಿದ, ಮತ್ತೆ ಒತ್ತಿದ. ಬಿಚ್ಚಿಟ್ಟ ಪೈಪಿನಿಂದ ಏನೂ ಬರಲಿಲ್ಲ. ಅವನು ಕೈ ಒರೆಸಿಕೊಂಡು ಅಪ್ಪನ ಕಡೆ ತಿರುಗಿದ.

“ಪಂಪ್ ಹೋಯ್ತು ಸಾರ್. ಸತ್ತೋಯ್ತು. ಇದಕ್ಕೆ ಇನ್ನು ಈ ದೇಶದಲ್ಲಿ ಪಂಪ್ ಸಿಗಲ್ಲ. ನಾನು ಗಾಡಿ ಕಟ್ಟಿಸ್ಕೊಂಡು ಶೆಡ್ಡಿಗೆ ಎಳೆಸ್ಕೋತೀನಿ.”

“ಸರಿ,” ಎಂದರು ಅಪ್ಪ. ಅಷ್ಟೇ.

ನನ್ನ ತಲೆ ಮಾತ್ರ ಸುಮ್ಮನಿರಲಿಲ್ಲ. ಇವನು ಕಿಡಿ ನೋಡಿದ, ಬಟ್ಟಲು ನೋಡಿದ, ಪಂಪು ನೋಡಿದ. ಟ್ಯಾಂಕನ್ನು ಮಾತ್ರ ನೋಡಲಿಲ್ಲ. ಯಾಕೆ ನೋಡಲಿಲ್ಲ?

“ಪೆಟ್ರೋಲೇ ಇಲ್ದೆ ಇದ್ರೆ?” ಎಂದೆ.

“ಇದೆ ಮರಿ, ಹೊರಡೋ ಮುಂಚೆ ನೀನೇ ಕ್ಯಾನಿಂದ ಸುರಿದ್ಯಲ್ಲ, ನಾನೇ ನೋಡಿದೀನಿ. ಅದನ್ನ ಬಿಚ್ಚಬೇಡ ಈಗ, ಮಣ್ಣು ಬೀಳುತ್ತೆ.”

ಬಿಚ್ಚಬೇಡ! ಇಷ್ಟು ತಿಂಗಳು ನಾನು ಕಾಯುತ್ತಿದ್ದ ಮಾತು ಅದು. ಓಡಿದೆ. “ಏಯ್, ನಿಂತ್ಕೋ!” ಎಂದು ಅಪ್ಪ ಕೂಗಿದರು. ದಾರ ಕಿತ್ತೆ, ಮುಚ್ಚಳ ಹಿಡಿದು ತಿರುಗಿಸಿದೆ. ಅದು ಎಂದಿಗಿಂತ ಬಿಗಿಯಾಗಿತ್ತು, ಒಳಗಿನಿಂದ ಯಾರೋ ಎಳೆದು ಹಿಡಿದ ಹಾಗೆ. ಇನ್ನೂ ಬಲ ಹಾಕಿದೆ.

ಉಸ್!

ಟ್ಯಾಂಕು ದೊಡ್ಡದಾಗಿ ಒಮ್ಮೆ ಗಾಳಿ ಎಳೆದುಕೊಂಡಿತು. ನೀರಿನಿಂದ ತಲೆ ಎತ್ತಿದವರು ಉಸಿರೆಳೆಯುತ್ತಾರಲ್ಲ, ಹಾಗೆ. ಹಿಂದಿನ ವಾರಗಳಲ್ಲೂ ಆ ಸದ್ದು ಬಂದಿರಬೇಕು. ಆದರೆ ಆಗೆಲ್ಲ ಹಿಂದಿನ ಸೀಟಿನಿಂದ ಅಮ್ಮನ ಜಪ, ಮುಂದಿನಿಂದ ಸೊಪ್ಪಿನ ಗಾಡಿಯವನ ತಮಾಷೆ. ಇವತ್ತು ನಿಶ್ಶಬ್ದ.

“ಲಿವರ್ ಒತ್ತಿ ನೋಡಿ,” ಎಂದೆ.

ಗ್ಯಾರೇಜಿನವನು ಅಲ್ಲಾಡಲಿಲ್ಲ. ಅಪ್ಪನೇ ಹೋಗಿ, ಜೀವಮಾನದಲ್ಲಿ ಮೊದಲ ಸಲ ಬಾನೆಟ್ಟಿನೊಳಗೆ ಕೈಹಾಕಿ ಒತ್ತಿದರು. ಪೆಟ್ರೋಲ್ ಚಿಮ್ಮಿ ಅವರ ಬಿಳಿ ಪಂಚೆಯ ಮೇಲೆ ಬಿತ್ತು.

ನಾನು ಮುಚ್ಚಳವನ್ನು ಬೆಳಕಿಗೆ ಹಿಡಿದು ನೋಡಿದೆ. ಅದರ ಮೇಲೆ ಬೆರಳು ದಪ್ಪ ಅರಿಶಿನ, ನಡುವೆ ಸರಿಯಾಗಿ ಕುಂಕುಮದ ಬೊಟ್ಟು. ಉಗುರಿನಿಂದ ಕೆರೆದೆ. ಕುಂಕುಮದ ಕೆಳಗೆ ಸೂಜಿಯ ಗಾತ್ರದ ಒಂದು ತೂತು, ಒಣಗಿದ ಅರಿಶಿನದಿಂದ ಗಟ್ಟಿಯಾಗಿ ಮುಚ್ಚಿಹೋಗಿತ್ತು. ಪೆಟ್ರೋಲ್ ಖಾಲಿಯಾದ ಹಾಗೆಲ್ಲ ಆ ತೂತಿನಿಂದ ಟ್ಯಾಂಕಿನೊಳಗೆ ಗಾಳಿ ಹೋಗಬೇಕು. ಹೋಗದಿದ್ದರೆ ಪಂಪು ಎಷ್ಟು ಎಳೆದರೂ ಪೆಟ್ರೋಲ್ ಬರುವುದಿಲ್ಲ. ಸ್ವಲ್ಪ ದೂರ ಓಡುತ್ತದೆ, ಆಮೇಲೆ ನಿಲ್ಲುತ್ತದೆ. ನಮ್ಮ ಮನೆಯಿಂದ ಆ ಸ್ವಲ್ಪ ದೂರ ಮುಗಿಯುವ ಜಾಗ ಹುಣಸೆಮರ. ಪೆಟ್ರೋಲ್ ಕದ್ದಿದ್ದಾರೇನೋ ಎಂದು ನಾನು ಪ್ರತಿ ಸಲ ಮುಚ್ಚಳ ಬಿಚ್ಚಿದ್ದೇ ರಿಪೇರಿ. ಪ್ಲಗ್, ವೈರು, ಸೀಮೆಎಣ್ಣೆ, ಯಾವುದೂ ಅಲ್ಲ. ನನ್ನ ಅನುಮಾನವೇ ಕಾರನ್ನು ಹೊರಡಿಸುತ್ತಿತ್ತು!

“ಅಮ್ಮ, ಇಲ್ಲಿ ಯಾಕೆ ಹಚ್ಚಿದ್ರಿ?”

“ಬಾನೆಟ್ಟಿಗೆ ಹಚ್ಚಬೇಡ ಅಂದೋನು ಯಾರು?” ಅಮ್ಮ ಕೆಳಗಿಳಿದು ಬಂದರು. “ಅದು ತಾನೆ ಕಾರಿಗೆ ಅನ್ನ ಹಾಕೋ ಬಾಯಿ? ದುಂಡಗೆ ಹಣೆ ಥರಾನೂ ಇದೆ. ಬೊಟ್ಟಿಡೋಕೆ ಗುರುತು ಮಾಡಿದ ಹಾಗೆ ನಡುವೆ ಚುಕ್ಕಿ ಬೇರೆ ಇತ್ತು.”

ಅಪ್ಪ ಪಂಚೆ ಹಿಂಡಿಕೊಳ್ಳುತ್ತಾ ನಗಲಾರಂಭಿಸಿದರು. ಅಮ್ಮ ತುರುಬಿನಿಂದ ಹೇರ್‌ಪಿನ್ ಕಿತ್ತು ಕೊಟ್ಟರು. ತೂತು ಚುಚ್ಚಿ, ಊದಿ, ಮುಚ್ಚಳ ಹಾಕಿ, ಮುಂದೆ ಬಿಚ್ಚಿಟ್ಟಿದ್ದ ಪ್ಲಗ್ಗು, ಬಟ್ಟಲು, ಪೈಪು ಜೋಡಿಸಿದೆ. ಒಂದೇ ಹ್ಯಾಂಡಲಿಗೆ ಇಂಜಿನ್ ಎದ್ದಿತು.

ಗ್ಯಾರೇಜಿನವನು ಇನ್ನೂ ನಗುತ್ತಲೇ ಇದ್ದ, ಸ್ವಲ್ಪ ಕಡಿಮೆ. “ಸಾರ್, ನಿಂತಿದ್ದು ನಿಂತ ಹಾಗೆ ತಾನೆ? ನಿಂತ ಜಾಗದಿಂದಲೇ ಅಂದಿದ್ರಿ.”

“ಅಂದಿದ್ದೆ,” ಎಂದರು ಅಪ್ಪ. “ನೀವೂ ಪಂಪ್ ಸತ್ತೋಯ್ತು ಅಂದ್ರಿ. ಸತ್ತಿದ್ದು ಎದ್ದು ನನ್ನ ಪಂಚೆ ಒದ್ದೆ ಮಾಡಿದೆ. ಹತ್ತಿ, ನಮ್ಮ ಅತ್ತಿಗೆ ಮನೇಲಿ ಊಟ ಮಾಡ್ಕೊಂಡು ಹೋಗೋರಂತೆ. ಕಾರು ಮಾತ್ರ ನಮ್ಮ ಹತ್ರಾನೇ ಇರಲಿ.”

ಕಾರು ಉಳಿಯಿತು. ಚಿಕ್ಕಲಸಂದ್ರದವರೆಗೆ ನಾನು ಹಾರ್ನ್ ಹೊಡೆದುಕೊಂಡೇ ಹೋದೆ. ಆದರೆ ಹಿಂದಿನ ಸೀಟು ಕಾಣುವ ಕನ್ನಡಿಯ ಮೇಲೆ ಒಂದು ಕಣ್ಣಿಟ್ಟಿದ್ದೆ. ಆ ಶನಿವಾರ ಅವನು ಹೆಬ್ಬೆಟ್ಟಿನಿಂದ ಉಜ್ಜಿ ನೋಡಿದ್ದು ಹಿತ್ತಾಳೆಯನ್ನೋ, ಆ ತೂತನ್ನೋ? ಮುಚ್ಚಿಹೋದ ತೂತು ಕಂಡಿದ್ದರೂ ಸುಮ್ಮನಿದ್ದನೋ? ಬಿಚ್ಚಬೇಡ ಎಂದದ್ದು ನಿಜವಾಗಿ ಮಣ್ಣಿಗೆ ಹೆದರಿಯೋ? ಕೇಳಿದರೆ ಹೇಳುತ್ತಾನೆಯೇ? ಅವನು ದೊಡ್ಡಮ್ಮನ ಮನೆಯಲ್ಲಿ ಮುದ್ದೆ ಮುರಿಯುತ್ತಾ, “ಮರಿ ಸಖತ್ ಚುರುಕು ಸಾರ್” ಎಂದು ನನ್ನನ್ನು ಹೊಗಳಿದ. ಹೊಗಳಿದ್ದಕ್ಕೆ ಅನುಮಾನ ಇನ್ನೂ ಹೆಚ್ಚಾಯಿತು.

ಅಮ್ಮ ಮಾತ್ರ ತೂತಿನ ವಿವರಣೆಯನ್ನು ಯಾವತ್ತೂ ಒಪ್ಪಲಿಲ್ಲ. “ಆ ಉಸ್ ಅಂದಿದ್ದು ದೃಷ್ಟಿ ಕಣೋ. ಅಷ್ಟು ದಿನ ಒಳಗೆ ಕೂತಿತ್ತು, ಆವತ್ತು ಹೊರಗೆ ಹೋಯ್ತು,” ಎನ್ನುತ್ತಿದ್ದರು. ಗಾಳಿ ಹೊರಗೆ ಹೋಗಲಿಲ್ಲ, ಒಳಗೆ ಬಂತು ಎಂದರೆ ಕೇಳುತ್ತಿರಲಿಲ್ಲ. ಆವತ್ತಿನಿಂದ ಬೊಟ್ಟು ಮತ್ತೆ ಬಾನೆಟ್ಟಿಗೆ ಬಂತು. ಪಾಲಿಶ್ ಹೋದರೆ ಹೋಗಲಿ ಎಂದು ನಾನು ಬಾಯಿಮುಚ್ಚಿಕೊಂಡೆ. ಕಾರು ಹುಣಸೆಮರ ದಾಟಿಕೊಂಡು ಓಡಾಡತೊಡಗಿತು. ಸೊಪ್ಪಿನ ಗಾಡಿಯವನಿಗೆ ಅದೊಂದು ಬೇಜಾರು. ಮುಚ್ಚಳಕ್ಕೆ ಕಪ್ಪು ದಾರ ಕಟ್ಟುವುದನ್ನು ನಾನಂತೂ ಬಿಡಲಿಲ್ಲ.

ನೀವೂ ಹಳೇ ಗಾಡಿ ಇಟ್ಟುಕೊಂಡವರೇ? ರಸ್ತೆಯ ಪಕ್ಕದಲ್ಲಿ ಕೈ ಕಪ್ಪು ಮಾಡಿಕೊಂಡು ನಿಂತು, ಯಾರ ಯಾರ ಮೇಲೋ ಅನುಮಾನಪಟ್ಟು, ಕೊನೆಗೆ ಕಳ್ಳ ನಿಮ್ಮ ಪೂಜೆಮನೆಯಲ್ಲೋ ಅಡುಗೆಮನೆಯಲ್ಲೋ ಸಿಕ್ಕಿಬಿದ್ದದ್ದು ಇದ್ದರೆ, ಒಂದು ಕಾರ್ಡಿನಲ್ಲಾದರೂ ಬರೆದು ತಿಳಿಸಿ. ಮುಖ್ಯವಾಗಿ ನಿಮ್ಮ ಗ್ಯಾರೇಜಿನವನು ಯಾವತ್ತಾದರೂ ಮುಚ್ಚಳವನ್ನು ಹೆಬ್ಬೆಟ್ಟಿನಿಂದ ಉಜ್ಜಿ ನೋಡಿದ್ದುಂಟೇ, ಆಮೇಲೆ ಏನಾಯಿತು, ಅದನ್ನು ಬಿಡದೆ ಬರೆಯಿರಿ.